ಚಿಪ್ಪಿಗೆ ಮುನ್ನ ಗಣಿತ

ಹೈದರಾಬಾದಿಗೆ ಎಲೆಕ್ಟ್ರಾನಿಕ್ಸ್ ವಿದ್ಯೆ ಹೊಸದಲ್ಲ. 1967ರಲ್ಲಿ ಇಲ್ಲಿ ಸ್ಥಾಪಿತವಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆಯು ಟಿ.ಡಿ.ಸಿ. ಸರಣಿಯ ಗಣಕಗಳನ್ನು ನಿರ್ಮಿಸಿದ್ದನ್ನು ಹಿರಿಯರು ಬಲ್ಲರು. ಇಂದು ಮಾದಾಪುರ, ಗಚ್ಚಿಬೌಲಿಗಳ ಕಡೆ ಚಿಪ್ಪುಗಳ ವಿನ್ಯಾಸ ನಡೆಯುತ್ತಿದೆ. ಈ ಉದ್ಯಮದಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಒಂದು ವರ್ಗದ ಎಂಜಿನಿಯರುಗಳುಂಟು. ಇವರು ಚಿಪ್ಪನ್ನು ರಚಿಸುವವರಲ್ಲ. ರಚನೆಯಾದದ್ದು ಕೆಲಸಮಾಡುವುದೋ ಇಲ್ಲವೋ ಎಂಬುದನ್ನು ಮುಂಚಿತವಾಗಿ ತಿಳಿಸುವ ಗಣಿತವನ್ನು ಕಟ್ಟುವವರು. ಈ ವಿದ್ಯೆಗೆ ಸರ್ಕ್ಯೂಟ್ ಸಿಮ್ಯುಲೇಷನ್ ಎಂದು ಹೆಸರು.

ಹಿಂದೆ ಬಿಡಿಭಾಗಗಳನ್ನು ಹಲಗೆಯ ಮೇಲೆ ಬೆಸೆದು, ಅಳೆದು ನೋಡಿ, ತಪ್ಪಿದ್ದರೆ ಬದಲಿಸಬಹುದಾಗಿತ್ತು. ಸಿಲಿಕಾನಿನಲ್ಲಿ ಒಡಮೂಡಿದ ವಿದ್ಯುನ್ಮಂಡಲಕ್ಕೆ ಆ ಅನುಕೂಲವಿಲ್ಲ. ಕಾರ್ಖಾನೆಗೆ ಹೋದಮೇಲೆ ತಪ್ಪು ಕಂಡರೆ ಅಚ್ಚುಗಳನ್ನೇ ಹೊಸದಾಗಿ ಮಾಡಬೇಕು. ತಿಂಗಳುಗಟ್ಟಲೆ ಕಾಲವೂ ಅಪಾರ ಹಣವೂ ವ್ಯರ್ಥ.

ಮೂಲಸೂತ್ರ ಸರಳವಾದದ್ದೇ. ಪ್ರತಿಯೊಂದು ಸಂಧಿಯಲ್ಲಿ ಒಳಬರುವ ಪ್ರವಾಹವೂ ಹೊರಹೋಗುವ ಪ್ರವಾಹವೂ ಸಮವೆಂಬ ಕಿರ್ಖಾಫನ ನಿಯಮದಿಂದ ಸಮೀಕರಣಗಳು ದೊರೆಯುತ್ತವೆ. ತೊಡಕು ಇರುವುದು ಬಿಡಿಸುವುದರಲ್ಲಿ. ಡಯೋಡಿನ ವೋಲ್ಟೇಜು ಸುಮಾರು 60 ಮಿಲಿವೋಲ್ಟ್ ಏರಿದರೆ ಪ್ರವಾಹ ಹತ್ತುಪಟ್ಟಾಗುತ್ತದೆ. ನ್ಯೂಟನ್ನನ ಕ್ರಮದಂತೆ ಒಂದು ಊಹೆಯಿಂದ ಹೊರಟು ಅದನ್ನು ತಿದ್ದುತ್ತ ಹೋಗುವಾಗ, ಊಹೆ 0.6 ವೋಲ್ಟ್ ಹೆಚ್ಚಾದರೂ ಸಾಕು, ಲೆಕ್ಕದ ಪ್ರವಾಹ ಸಾವಿರ ಕೋಟಿ ಪಟ್ಟು ಹಿಗ್ಗಿ ಗಣಕ ದಿಕ್ಕೆಡುತ್ತದೆ. ಆದುದರಿಂದ ತಿದ್ದುಪಡಿಯ ಒಂದೊಂದು ಹೆಜ್ಜೆಗೂ ಮಿತಿ ಹಾಕಬೇಕಾಗುತ್ತದೆ. ಆ ಮಿತಿ ಎಲ್ಲಿರಬೇಕೆಂಬುದನ್ನು ಶುದ್ಧ ಗಣಿತವೊಂದೇ ಹೇಳಲಾರದು, ಅರ್ಧಭಾಗ ಅನುಭವ.

ಈ ಉಪಾಯಗಳೆಲ್ಲ ಒಂದೆಡೆ ಕೂಡಿಬಂದದ್ದು ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾನಿಲಯದಲ್ಲಿ. ರೊನಾಲ್ಡ್ ರೋರರ್ ಅವರ ತರಗತಿಯಲ್ಲಿ ಮೊದಲಾದ 'ಕ್ಯಾನ್ಸರ್' ಎಂಬ ಕ್ರಮವಿಧಿಯನ್ನು (ಹೆಸರು ವಿಚಿತ್ರವೇ ಸರಿ) ಲಾರೆನ್ಸ್ ನೇಗೆಲ್ ಬೆಳೆಸಿದರು. 1973ರಲ್ಲಿ ಅದು 'ಸ್ಪೈಸ್' ಎಂಬ ಹೆಸರಿನಿಂದ ಪ್ರಕಟವಾಯಿತು. ಕೇಳಿದವರಿಗೆ ಇದು ದೊರೆಯಬೇಕೆಂದು ಡೊನಾಲ್ಡ್ ಪೆಡರ್‌ಸನ್ ಹಟ ಹಿಡಿದುದರಿಂದಲೇ ಅದು ಲೋಕದ ಕಾಲೇಜುಗಳನ್ನೆಲ್ಲ ಸೇರಿತೆನ್ನಬೇಕು. ಭಾರತದ ವಿದ್ಯಾರ್ಥಿಗಳು ಇಂದಿಗೂ ಅದರ ಸಂತತಿಯಿಂದಲೇ ಈ ವಿದ್ಯೆಯ ಓನಾಮ ಕಲಿಯುತ್ತಾರೆ.

1971ರ ಇಂಟೆಲ್ 4004 ಚಿಪ್ಪಿನಲ್ಲಿ ಇದ್ದ ಟ್ರಾನ್ಸಿಸ್ಟರುಗಳು ಸುಮಾರು 2,300. ಈಗಿನ ದೊಡ್ಡ ಚಿಪ್ಪುಗಳಲ್ಲಿ ಅವು ಸಾವಿರಾರು ಕೋಟಿ. ಸ್ಪೈಸಿನ ನಿಷ್ಠುರ ಲೆಕ್ಕ ಇಷ್ಟು ದೂರ ನಡೆಯಲಾರದು. ಆದುದರಿಂದ ಮಂಡಲವನ್ನು ತುಂಡುಗಳಾಗಿ ಬೇರ್ಪಡಿಸಿ, ಆ ಕ್ಷಣದಲ್ಲಿ ಸುಮ್ಮನಿರುವ ತುಂಡುಗಳ ಲೆಕ್ಕವನ್ನು ಬಿಟ್ಟು, ದುರ್ಬಲ ಸಂಬಂಧಗಳನ್ನು ಕಡೆಗಣಿಸುವ ಶೀಘ್ರವಿಧಾನಗಳು ಹುಟ್ಟಿದವು. ಕಡೆಗಣಿಸಿದ ಸಂಬಂಧವೇ ಕೆಲವೊಮ್ಮೆ ದೋಷದ ಮೂಲವಾಗಿರುವುದುಂಟು. ವಿಧಾನ ರೂಪಿಸುವ ಎಂಜಿನಿಯರು ಚಿಕ್ಕ ಮಂಡಲಗಳ ಮೇಲೆ ಶೀಘ್ರದ ಉತ್ತರವನ್ನು ನಿಧಾನದ ಉತ್ತರದೊಡನೆ ತಾಳೆನೋಡಿ ತನ್ನ ವಿಧಾನವನ್ನು ನಂಬುತ್ತಾನೆ. ಇಡೀ ಚಿಪ್ಪಿಗಾದರೋ ತಾಳೆನೋಡಲು ನಿಧಾನದ ಉತ್ತರವೇ ಇರುವುದಿಲ್ಲ.