ಸುಕ್ಕುಬಟ್ಟೆಯ ಹಗುರ ಜಾಕೆಟ್: ತಯಾರಕರ ಗಮನಕ್ಕೆ

ಬೇಸಿಗೆಯ ಹಗುರ ಜಾಕೆಟ್‌ಗಳಿಗೆ ಜಪಾನೀ ಮಾದರಿಯ ಸುಕ್ಕುಬಟ್ಟೆಯನ್ನು ಬಳಸುವುದುಂಟು. ಇಂತಹ ಬಟ್ಟೆಗಳಲ್ಲಿ ಹೆಸರುವಾಸಿಯಾದುದು ನೀಗಾತಾ ಪ್ರಾಂತದ ಓಜಿಯಾ ನಗರದ ‘ಚಿಜಿಮಿ’. ತುರಿಕೆಗಿಡದ ಕುಟುಂಬಕ್ಕೆ ಸೇರಿದ ರೇಮಿ ಸಸ್ಯದ ನಾರಿನಿಂದ ಇದನ್ನು ನೇಯುವ ಕೌಶಲವನ್ನು ಯುನೆಸ್ಕೊ 2009ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಟ್ಟೆಯ ಗುಟ್ಟು ಹೊಕ್ಕಿನ ನೂಲಿನಲ್ಲಿದೆ. ಅದಕ್ಕೆ ಸಾಮಾನ್ಯಕ್ಕಿಂತ ಹೆಚ್ಚು ಹುರಿ ಕೊಡಲಾಗುತ್ತದೆ. ನೇಯ್ದ ಬಟ್ಟೆಯನ್ನು ಬಿಸಿನೀರಿನಲ್ಲಿ ನಾದಿದಾಗ ಹುರಿ ಬಿಚ್ಚಿಕೊಳ್ಳಲು ಹವಣಿಸಿ, ಮೈಮೇಲೆ ಸಣ್ಣ ಸುಕ್ಕುಗಳು ಏಳುತ್ತವೆ. ಅವುಗಳ ತಗ್ಗಿನಲ್ಲಿ ಗಾಳಿಯಾಡುವುದರಿಂದ ಬಟ್ಟೆ ಮೈಗಂಟುವುದಿಲ್ಲ. ಹತ್ತಿ ನೂಲಿಗೂ ಇದೇ ವಿಧಾನ ಒಗ್ಗುತ್ತದೆ. ಆದರೆ ಅಂತಹ ಮಾಲಿಗೆ ‘ಓಜಿಯಾ’ ಎಂಬ ಚೀಟಿ ಸಲ್ಲದು.

ನಷ್ಟದ ಸಂಭವವಿರುವುದು ಅಗಲದಲ್ಲಿ. ಸುಕ್ಕು ಏಳುವಾಗ ಬಟ್ಟೆ ಕುಗ್ಗುತ್ತದೆ. ಮಗ್ಗದಲ್ಲಿ 60 ಅಂಗುಲವಿದ್ದುದು 45ಕ್ಕೆ ಇಳಿಯಿತೆಂದು ಭಾವಿಸಿದರೆ, ಮಗ್ಗದ ಅಗಲಕ್ಕೆ ದರ ಒಪ್ಪಿದ ವ್ಯಾಪಾರಿ ಕಾಲು ಭಾಗ ಕಳೆದುಕೊಂಡಂತೆಯೇ. ಆದುದರಿಂದ ಖರೀದಿ ಪತ್ರದಲ್ಲಿ ಸಿದ್ಧಬಟ್ಟೆಯ ಅಗಲವನ್ನೇ ನಮೂದಿಸುವುದು ಲೇಸು. ಕತ್ತರಿ ಹಾಕುವ ಮುನ್ನ ತುಂಡೊಂದನ್ನು ಒಗೆದು ಅಳೆಯುವುದೂ ಅವಶ್ಯ.

ಒತ್ತಿ ಇಸ್ತ್ರಿ ಮಾಡಿದರೆ ಸುಕ್ಕು ಚಪ್ಪಟೆಯಾಗುತ್ತದೆ. ಪೂರ್ತಿ ಅಸ್ತರು ಕೊಟ್ಟರೆ ಗಾಳಿಯಾಟ ಕುಂದುತ್ತದೆ. ಅಸ್ತರಿಲ್ಲದಿದ್ದರೆ ಒಳಹೊಲಿಗೆ ಕಣ್ಣಿಗೆ ಬೀಳುವುದರಿಂದ ಅಂಚುಗಳಿಗೆ ಪಟ್ಟಿ ಹೊಲಿಯಬೇಕು. ಅಸ್ತರಿನಲ್ಲಿ ಉಳಿದ ಹಣ ಹೀಗೆ ಕೂಲಿಗೆ ಹೋಗುವುದನ್ನು ದರ ಹೇಳುವಾಗ ಅನೇಕರು ಮರೆಯುತ್ತಾರೆ. ರೇಮಿ ನಾರು ಬಲವಾದುದೇ, ಆದರೆ ಒಂದೇ ಜಾಗದಲ್ಲಿ ಪದೇ ಪದೇ ಮಡಿಸಿದರೆ ಮುರಿಯುತ್ತದೆ. ಇಂತಹ ಜಾಕೆಟ್‌ಗಳನ್ನು ಮಡಿಸಿ ಕಟ್ಟುವುದಕ್ಕಿಂತ ತೂಗುಹಾಕಿ ಸಾಗಿಸುವುದು ಉತ್ತಮ.