ಹಲ್ಲಿನೊಳಗೆ ಸುಣ್ಣ ಇಟ್ಟಿದ್ದೇವೆ, ಮರೆಯಬೇಡಿ!

‘ನೋವು ಹೋಯ್ತಲ್ಲ ಮೇಡಂ, ಅದಕ್ಕೇ ಬರಲಿಲ್ಲ.’

ಡೆಂಟಲ್ ಕಾಲೇಜಿನಲ್ಲಿ ಇಂಟರ್ನ್‌ಶಿಪ್ ಮಾಡುವ ನಮಗೆಲ್ಲ ಈ ಮಾತು ಬಾಯಿಪಾಠ. ರೂಟ್ ಕೆನಾಲ್ ಚಿಕಿತ್ಸೆಯ ಮೊದಲ ದಿನ ಕೆನ್ನೆ ಹಿಡಿದುಕೊಂಡು ಓಡೋಡಿ ಬಂದವರು, ‘ಮುಂದಿನ ವಾರ ಬನ್ನಿ’ ಎಂದರೆ ನಾಲ್ಕು ತಿಂಗಳು ಪತ್ತೆಯೇ ಇರುವುದಿಲ್ಲ. ಅವರ ಹಲ್ಲಿನೊಳಗೆ ಒಂದು ಔಷಧ ಇಟ್ಟು ಕಳಿಸಿದ್ದೇವೆ ಎಂಬುದೂ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ಆ ಔಷಧದ ಹೆಸರು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹೆಸರು ಕೇಳಿ ಹೆದರಬೇಡಿ. ಅಜ್ಜಿಯ ಎಲೆಅಡಿಕೆ ಚೀಲದಲ್ಲಿರುವ ಸುಣ್ಣವೂ ರಾಸಾಯನಿಕವಾಗಿ ಅದೇ! ಹಾಗಂತ ಅಜ್ಜಿಯ ಡಬ್ಬಿಗೆ ಕೈ ಹಾಕಿ ಹುಳುಕಿಗೆ ತುಂಬಿಕೊಂಡೀರಿ, ಬಾಯಿ ಸುಟ್ಟೀತು. ದಂತ ಚಿಕಿತ್ಸೆಗೆ ಇದನ್ನು 1920ರಲ್ಲಿ ಪರಿಚಯಿಸಿದವರು ಜರ್ಮನಿಯ ಹರ್ಮನ್. ಶತಮಾನ ಕಳೆದರೂ ಇದರ ಕೆಲಸ ನಿಂತಿಲ್ಲ.

ಹಲ್ಲಿನ ಬೇರಿನೊಳಗಿನ ನಾಳ ನೆಟ್ಟಗಿನ ಪೈಪ್ ಅಲ್ಲ. ಅದಕ್ಕೆ ಕವಲುಗಳಿವೆ, ಗೋಡೆಯ ತುಂಬ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಹುಳುಕು ಒಳಗಿನ ನರದವರೆಗೆ ಇಳಿದಾಗ ಬ್ಯಾಕ್ಟೀರಿಯಾಗಳು ಅಲ್ಲೆಲ್ಲ ಸೇರಿಕೊಳ್ಳುತ್ತವೆ. ಸೂಜಿಯಂಥ ಫೈಲ್‌ನಿಂದ ಎಷ್ಟು ಉಜ್ಜಿದರೂ ಮೂಲೆ ಮೂಲೆ ಮುಟ್ಟಲಾಗದು. ಅದಕ್ಕೇ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಿಂದ ಮತ್ತೆ ಮತ್ತೆ ತೊಳೆಯುತ್ತೇವೆ. ಬಟ್ಟೆ ಬಿಳುಪು ಮಾಡುವ ಬ್ಲೀಚ್‌ನಲ್ಲಿರುವುದೂ ಇದೇ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಗಾಯ ತೊಳೆಯಲೂ ಇದರ ತೆಳು ದ್ರಾವಣ ಬಳಸಿದ್ದರು. ಅದು ಸತ್ತ ಅಂಗಾಂಶವನ್ನು ಕರಗಿಸಿ, ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ.

ಸೋಂಕು ಇಲ್ಲದ ಹಲ್ಲಾದರೆ ಎಷ್ಟೋ ಸಲ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ಕೀವು ತುಂಬಿದ್ದರೆ ತೊಳೆದದ್ದು ಸಾಲದೇ ಹೋಗಬಹುದು. ಆಗ ಸುಣ್ಣದ ಸರದಿ. ಅದರ ಪಿಎಚ್ ಸುಮಾರು 12.5. ಅಷ್ಟು ಕ್ಷಾರದಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾಗಳು ಬದುಕವು. ಆದರೆ ಇದು ನಿಧಾನಸ್ಥ. ಸ್ವೀಡನ್‌ನ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ನಿಮಿಷ ಇಟ್ಟಾಗ ಪ್ರಯೋಜನವಾಗಲಿಲ್ಲ, ಏಳು ದಿನ ಇಟ್ಟಾಗ ಬ್ಯಾಕ್ಟೀರಿಯಾಗಳು ನಾಶವಾದವು. ‘ಮುಂದಿನ ವಾರ ಬನ್ನಿ’ ಎನ್ನುವುದರ ಗುಟ್ಟು ಇದು.

‘ಇಷ್ಟೆಲ್ಲ ಯಾಕೆ, ಒಂದು ಆ್ಯಂಟಿಬಯೊಟಿಕ್ ಕೊಡಿ’ ಎನ್ನುವವರೂ ಇದ್ದಾರೆ. ಮಾತ್ರೆ ಹೋಗುವುದು ರಕ್ತದ ದಾರಿಯಲ್ಲಿ. ನರ ಸತ್ತ ಹಲ್ಲಿನೊಳಗೆ ರಕ್ತವೇ ಹರಿಯದಿದ್ದರೆ ಮಾತ್ರೆ ತಲುಪುವುದೆಲ್ಲಿ?

ಔಷಧದ ಮೇಲೆ ನಾವು ಹಾಕುವ ಬಿಳಿ ಮುಚ್ಚಳ ಬರೀ ತಾತ್ಕಾಲಿಕ. ಕೆಲವು ವಾರಗಳಲ್ಲಿ ಅದು ಸವೆಯುತ್ತದೆ, ಎಂಜಲು ಒಳಗಿಳಿಯುತ್ತದೆ, ಸುಣ್ಣದ ಕಸುವು ಇಳಿಯುತ್ತದೆ, ಬ್ಯಾಕ್ಟೀರಿಯಾಗಳು ಮರಳಿ ಬರುತ್ತವೆ. ನರ ತೆಗೆದಿರುವುದರಿಂದ ಎಷ್ಟೋ ಸಲ ನೋವೂ ಗೊತ್ತಾಗುವುದಿಲ್ಲ.

ಡಿಗ್ರಿ ಓದುವ ಹುಡುಗನೊಬ್ಬ ಹೀಗೇ ಐದು ತಿಂಗಳು ಬಿಟ್ಟು ಬಂದ. ಪರೀಕ್ಷೆ, ಹಬ್ಬ, ಊರ ಜಾತ್ರೆ ಎಂದು ಅವನ ಕಾರಣಗಳೆಲ್ಲ ನಿಜವೇ. ಅಷ್ಟರಲ್ಲಿ ಟೊಳ್ಳಾದ ದವಡೆ ಹಲ್ಲು ವಸಡಿನ ಕೆಳಗಿನವರೆಗೂ ಸೀಳಿತ್ತು. ಕೀಳದೆ ಬೇರೆ ದಾರಿ ಇರಲಿಲ್ಲ. ‘ಒಂಚೂರೂ ನೋವಿರಲಿಲ್ಲವಲ್ಲ ಮೇಡಂ’ ಎಂದು ಅವನು ಕೇಳಿದಾಗ ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಆರನೇ ವಯಸ್ಸಿಗೆ ಬಂದ ಹಲ್ಲು, ಇಪ್ಪತ್ತಕ್ಕೆ ಹೋಯಿತು.

ಬಸ್ಸಿನ ಖರ್ಚು, ತಪ್ಪುವ ದಿನಗೂಲಿ, ಸಿಗದ ರಜೆ ಎಲ್ಲವೂ ನಮಗೆ ಅರ್ಥವಾಗುತ್ತವೆ. ಬರಲು ಕಷ್ಟವೆಂದು ಮೊದಲೇ ಹೇಳಿದರೆ ದಿನ ಹೊಂದಿಸಿಕೊಡಬಹುದು. ಕುರ್ಚಿಯಿಂದ ಇಳಿಯುವ ಮುನ್ನ ಮೂರೇ ಪ್ರಶ್ನೆ ಕೇಳಿ: ಒಳಗೆ ಔಷಧ ಇಟ್ಟಿದ್ದೀರಾ? ಎಷ್ಟು ದಿನಕ್ಕೆ ಬರಬೇಕು? ಮುಚ್ಚಳ ಬಿದ್ದರೆ ಏನು ಮಾಡಲಿ?

ನೋವು ಹೋದದ್ದು ಅರ್ಧ ಚಿಕಿತ್ಸೆ. ನಾಳ ತುಂಬಿ, ಮೇಲೆ ಗಟ್ಟಿ ಫಿಲ್ಲಿಂಗೋ ಕ್ಯಾಪೋ ಕೂತಾಗಷ್ಟೇ ಪೂರ್ತಿ. ಆಮೇಲೆ ಧೈರ್ಯವಾಗಿ ಚಕ್ಕುಲಿ ಕಡಿಯಿರಿ!