ತೆರಿಗೆ ಯಾರಿಗೆ, ಎಷ್ಟು?

ಪಾಂಡವಪುರದಲ್ಲಿ ಪಾಠ ಮಾಡುವ ಒಬ್ಬ ಅಧ್ಯಾಪಕಿಯನ್ನು ಊಹಿಸಿಕೊಳ್ಳೋಣ. ಕಳೆಯಬೇಕಾದದ್ದನ್ನೆಲ್ಲ ಕಳೆದ ಮೇಲೆ ತೆರಿಗೆಯ ಲೆಕ್ಕಕ್ಕೆ ಬರುವ ಅವರ ಸಂಬಳ ವರ್ಷಕ್ಕೆ 14 ಲಕ್ಷ ರೂಪಾಯಿ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಗದ್ದೆಯೂ ಇದೆ. ಖರ್ಚು ಕಳೆದು ಕಬ್ಬಿನಿಂದ 4 ಲಕ್ಷ ಉಳಿಯುತ್ತದೆ. ಬೇಸಾಯದ ಆದಾಯಕ್ಕೆ ತೆರಿಗೆಯಿಲ್ಲ ಎಂದು ಎಲ್ಲರೂ ಬಲ್ಲರು. ಆದರೂ ಆ ಗದ್ದೆ ಇರುವುದರಿಂದಲೇ ಅವರು ವರ್ಷಕ್ಕೆ 50,000 ರೂಪಾಯಿ ಹೆಚ್ಚು ಕಟ್ಟಬೇಕು.

2025–26ರ ಹೊಸ ಪದ್ಧತಿಯಲ್ಲಿ ಸೆಸ್ ಬಿಟ್ಟು ಲೆಕ್ಕ ಹಾಕಿದರೆ, 14 ಲಕ್ಷಕ್ಕೆ ತೆರಿಗೆ 90,000. ಗದ್ದೆಯಿದ್ದಾಗ ಮೊದಲು ಎರಡೂ ಆದಾಯ ಕೂಡಿಸಿ 18 ಲಕ್ಷಕ್ಕೆ ತೆರಿಗೆ ನೋಡುತ್ತಾರೆ: 1,60,000. ಬಳಿಕ ಬೇಸಾಯದ 4 ಲಕ್ಷಕ್ಕೆ, ಯಾರಿಗೂ ತೆರಿಗೆಯಿಲ್ಲದ ಮೊದಲ 4 ಲಕ್ಷವನ್ನು ಸೇರಿಸಿ, ಆ 8 ಲಕ್ಷಕ್ಕೆ ಬರುವ 20,000ವನ್ನು ಕಳೆಯುತ್ತಾರೆ. ಉಳಿಯುವುದು 1,40,000. ಕಬ್ಬಿನ ಹಣಕ್ಕೆ ನೇರವಾಗಿ ತೆರಿಗೆ ಬೀಳಲಿಲ್ಲ. ಸಂಬಳ ಮೇಲಿನ ದರಕ್ಕೆ ಏರಿತು. ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ ಅವರ ಸಮಿತಿ 1972ರಲ್ಲಿ ಸೂಚಿಸಿದ ಈ ಕ್ರಮ ಮರುವರ್ಷ ಜಾರಿಗೆ ಬಂತು. ಎರಡು ಕಡೆಯಿಂದ ಸಂಪಾದನೆ ಇರುವವರು ಒಂದನ್ನು ಮಾತ್ರ ತೋರಿಸಿ ಕೆಳದರದಲ್ಲಿ ಉಳಿಯಬಾರದು ಎಂಬುದು ಅದರ ಉದ್ದೇಶ. ಅದು ಸರಿಯಾದ ಉದ್ದೇಶವೇ.

ಅನ್ಯಾಯ ಇರುವುದು ಪಕ್ಕದ ಹಿಡುವಳಿಯಲ್ಲಿ. ಅದೇ ನಾಲೆಯ ನೀರಿನಲ್ಲಿ ವರ್ಷಕ್ಕೆ 40 ಲಕ್ಷ ಉಳಿಸುವ, ಬೇರೆ ಸಂಪಾದನೆಯೇ ಇಲ್ಲದ ಜಮೀನುದಾರರು ಒಂದು ರೂಪಾಯಿ ಆದಾಯ ತೆರಿಗೆಯನ್ನೂ ಕಟ್ಟಬೇಕಿಲ್ಲ. ಸಂವಿಧಾನದ ಪ್ರಕಾರ ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯದ್ದು, ಕೇಂದ್ರದ್ದಲ್ಲ. ಕರ್ನಾಟಕ 1957ರಲ್ಲೇ ಅಂಥ ಕಾಯ್ದೆ ಮಾಡಿತ್ತು. ಅದು ಮುಖ್ಯವಾಗಿ ತಟ್ಟಿದ್ದು ಮಲೆನಾಡು, ಕೊಡಗಿನ ತೋಟಗಳಿಗೆ.

ಬಡ ರೈತರನ್ನು ಕಾಪಾಡಲು ಕೃಷಿ ಆದಾಯಕ್ಕೆ ಈ ವಿನಾಯಿತಿ ಬೇಕು ಎನ್ನುತ್ತಾರೆ. ನಾಗಮಂಗಲದ ಒಣಭೂಮಿಗೆ ಹೋಗಿ ಈ ಮಾತನ್ನು ಪರೀಕ್ಷಿಸಬೇಕು. ಮಳೆ ನಂಬಿ ರಾಗಿ, ಹುರುಳಿ ಬೆಳೆದು ಕೆಲವು ತೆಂಗಿನ ಮರ ಇಟ್ಟುಕೊಂಡ ಕುಟುಂಬಕ್ಕೆ ವರ್ಷಕ್ಕೆ 12 ಲಕ್ಷ ಉಳಿಯುತ್ತದೆಯೇ? ಅಷ್ಟರವರೆಗೆ ಸಂಬಳದಾರರಿಗೂ ಈಗ ಆದಾಯ ತೆರಿಗೆ ಬೀಳುವುದಿಲ್ಲ. ಎಂದರೆ ಈ ವಿನಾಯಿತಿಯಿಂದ ಆ ಕುಟುಂಬಕ್ಕೆ ದಕ್ಕುವುದು ಏನೂ ಇಲ್ಲ. ಅದರ ಹೆಸರಿನಲ್ಲಿ ಲಾಭ ಪಡೆಯುವವರು ಬೇರೆ. ಆ ಕುಟುಂಬ ಅಂಗಡಿಯಲ್ಲಿ ಕಟ್ಟುವ ಜಿಎಸ್‌ಟಿ ಮಾತ್ರ ಶ್ರೀಮಂತರು ಕಟ್ಟುವ ದರದ್ದೇ. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸೋಪು, ಟೂತ್‌ಪೇಸ್ಟ್‌ಗಳ ದರ ಶೇ 18ರಿಂದ ಶೇ 5ಕ್ಕೆ ಇಳಿದದ್ದು ಇಂಥವರಿಗೆ ಸಿಕ್ಕ ನಿಜವಾದ ಪರಿಹಾರ.

ಹಾಗೆಂದು ದೊಡ್ಡ ಹಿಡುವಳಿಗೆ ಸಂಬಳದ ಅಚ್ಚಿನಲ್ಲೇ ತೆರಿಗೆ ಹಾಕುವುದೂ ತಪ್ಪು. ಸಂಬಳ ತಿಂಗಳಿಗೊಮ್ಮೆ ಬರುತ್ತದೆ. ಕಬ್ಬಿನ ದುಡ್ಡಿಗೆ ವರ್ಷವಿಡೀ ಕಾಯಬೇಕು. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ ತುಂಬದೆ ಹೋದಾಗ ಶ್ರೀರಂಗಪಟ್ಟಣದ ನೀರಾವರಿ ರೈತರಿಗೂ ಕಷ್ಟವಾಯಿತು. ಒಳ್ಳೆಯ ಒಂದು ವರ್ಷವನ್ನಷ್ಟೇ ಹಿಡಿದು ಅಳೆಯದೆ ಮೂರು ವರ್ಷಗಳ ಸರಾಸರಿ ತೆಗೆದುಕೊಳ್ಳಬೇಕು, ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯಲು ಬಿಡಬೇಕು.

ಆಲೆಮನೆಯ ಲೆಕ್ಕ ಇನ್ನೂ ಸೂಕ್ಷ್ಮ. ಫಸಲನ್ನು ಮಾರುಕಟ್ಟೆಗೆ ಒಯ್ಯಲು ತಕ್ಕಂತೆ ಮಾಡಲು ರೈತರು ಸಾಮಾನ್ಯವಾಗಿ ಅನುಸರಿಸುವ ಕ್ರಮವನ್ನು ಕಾನೂನು ಬೇಸಾಯ ಎಂದೇ ಒಪ್ಪುತ್ತದೆ. ಆದರೆ ಪಾಂಡವಪುರ, ಕೆ.ಆರ್. ಪೇಟೆಗಳ ಕಡೆ ಸಕ್ಕರೆ ಕಾರ್ಖಾನೆಗಳಿವೆ, ಕಬ್ಬು ಕಬ್ಬಾಗಿಯೇ ಮಾರಾಟವಾಗುತ್ತದೆ. ಹಾಗಿರುವಾಗ ಬೆಲ್ಲ ಮಾಡಿ ಗಳಿಸಿದ ಹೆಚ್ಚಿನ ಲಾಭ ಬೇಸಾಯವೋ ವ್ಯಾಪಾರವೋ ಎಂಬ ಪ್ರಶ್ನೆ ಏಳುತ್ತದೆ. ಹೊಗೆ ಕುಡಿದು ಪಾಕ ಕಾಯಿಸುವ ಕುಟುಂಬಕ್ಕೆ ಆ ಪ್ರಶ್ನೆ ಕೇಳಿ, ನೂರಾರು ಎಕರೆಯ ಒಡೆಯರಿಗೆ ಯಾವ ಪ್ರಶ್ನೆಯನ್ನೂ ಕೇಳದ ಕಾನೂನನ್ನು ಸಮವೆನ್ನಲು ನನಗಾಗದು.

ಇಂಥ ಅಸಮಾನತೆ ಬೇಸಾಯದ ಆಚೆಗೂ ಇದೆ. ಕೆಳಗಿನ ಹಂತದ ನೌಕರರನ್ನು ಹೆಚ್ಚು ತಟ್ಟುವುದು ವೃತ್ತಿ ತೆರಿಗೆ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟಿದೊಡನೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300, ಒಟ್ಟು ವರ್ಷಕ್ಕೆ 2,500 ರೂಪಾಯಿ. ಒಂದು ರೂಪಾಯಿ ಕಡಿಮೆಯಿದ್ದರೆ ಸೊನ್ನೆ. ತಿಂಗಳಿಗೆ ಎರಡೂವರೆ ಲಕ್ಷ ಎಣಿಸುವ ಅಧಿಕಾರಿ ಕಟ್ಟುವುದೂ ಅದೇ 2,500. 25,000 ಪಡೆಯುವ ಗುಮಾಸ್ತರ ಸಂಬಳದಲ್ಲಿ ಅದು ಶೇ 0.83, ಅಧಿಕಾರಿಯ ಸಂಬಳದಲ್ಲಿ ಶೇ 0.083. ಆದಾಯ ತೆರಿಗೆಯಲ್ಲಿ ಇಂಥ ಕಡಿದಾದ ಅಂಚನ್ನು ತಗ್ಗಿಸಿದ್ದಾರೆ: 12 ಲಕ್ಷದ ಮೇಲೆ 10,000 ಹೆಚ್ಚು ಗಳಿಸಿದವರ ತೆರಿಗೆ ದರದ ಪ್ರಕಾರ 61,500 ಆಗಬೇಕು; ಆದರೆ ಹೆಚ್ಚು ಗಳಿಸಿದ್ದಕ್ಕಿಂತ ಹೆಚ್ಚು ತೆರಿಗೆ ಬೀಳಬಾರದೆಂದು ಅದನ್ನು 10,000ಕ್ಕೆ ನಿಲ್ಲಿಸುತ್ತಾರೆ.

ವೃತ್ತಿ ತೆರಿಗೆಯಲ್ಲೂ ಇದು ಆಗದ ಮಾತಲ್ಲ. ಸಂವಿಧಾನದ 276ನೇ ವಿಧಿಯ 2,500ರ ಮಿತಿ 1988ರಿಂದ ಬದಲಾಗಿಲ್ಲ. ಅದನ್ನು ಏರಿಸಬೇಕಾದರೆ ಸಂಸತ್ತೇ ತಿದ್ದುಪಡಿ ತರಬೇಕು. ಆದರೆ ಆ ಮಿತಿಯೊಳಗೆ ಮೆಟ್ಟಿಲು ಕಟ್ಟುವುದು ವಿಧಾನಸಭೆಯ ಕೈಯಲ್ಲಿದೆ. ಕರ್ನಾಟಕದಲ್ಲೇ ಹಿಂದೆ 10,000ದಿಂದ 15,000ದೊಳಗಿನ ಸಂಬಳಕ್ಕೆ 150, ಅದಕ್ಕೂ ಮೇಲೆ 200 ಎಂಬ ಹಂತಗಳಿದ್ದವು. 25,000ಕ್ಕೆ 50 ರೂಪಾಯಿಯಿಂದ ಆರಂಭಿಸಿ, ಪೂರ್ತಿ ಮೊತ್ತವನ್ನು ಲಕ್ಷ ದಾಟಿದವರಿಂದ ಮಾತ್ರ ಪಡೆಯಲು ರಾಜ್ಯದ ಒಂದು ತಿದ್ದುಪಡಿ ಸಾಕು.